ಪಂಚಮಿಗೆ ತವರಿಗೆ ಬರುತ್ತಿದ್ದ ಚಿತ್ರಗಳು

ಕಾಕಾ ತೀರಿಕೊಂಡ ಸುದ್ದಿ ಹುಬ್ಬಳ್ಳಿಗೆ ಮುಟ್ಟಿದ ಕೂಡಲೇ ದುರ್ಗದಬೈಲಿನ ಅರಳೆ ಸಾವಕಾರರು ತಮ್ಮ ಪಡಸಾಲೆಯ ಗೋಡೆಯ ಮೇಲಿದ್ದ ಚಿತ್ರ ಇಳಿಸಿ, ಜಮಖಾನೆಯಲ್ಲಿ ಸುತ್ತಿ, ಮೋಟಾರಿನಲ್ಲಿ ಪಕ್ಕಕ್ಕೇ ಇಟ್ಟುಕೊಂಡು ಧಾರವಾಡಕ್ಕೆ ಬಂದರು. ಒಳಗೆ ಬಂದವರೇ ಅದನ್ನು ಹೆಣದ ತಲೆಯ ಹತ್ತಿರ ಗೋಡೆಗೆ ಆನಿಸಿ ನಿಲ್ಲಿಸಿ, "ತಂದಿ ಹೋದಾಗ ಮಗಳು ಬರಬೇಕಲ್ಲರಿ" ಎಂದರು. ಆಮೇಲೆ ವಕೀಲರ ಮನೆಯಿಂದ ಒಂದು ಬಂತು. ಗಡಿಯಾರ ರಿಪೇರಿಯ ಸಾಹೇಬರು ಇನ್ನೊಂದನ್ನು ತಾವೇ ತಲೆಯ ಮೇಲೆ ಹೊತ್ತು ತಂದರು. ಮಧ್ಯಾಹ್ನದ ಹೊತ್ತಿಗೆ ಗೋಡೆಯುದ್ದಕ್ಕೂ ಚಿತ್ರಗಳು ಸಾಲುಗಟ್ಟಿದ್ದವು. ಗೊತ್ತಿಲ್ಲದವರು ನೋಡಿದ್ದರೆ ಮನೆ ಲಿಲಾವಿಗೆ ಬಂದಿದೆ ಅಂದುಕೊಳ್ಳುತ್ತಿದ್ದರು. ನಮ್ಮ ಓಣಿಯಲ್ಲಿ ಮಾತ್ರ ಯಾರೂ ಹುಬ್ಬೇರಿಸಲಿಲ್ಲ. ಕಾಕಾನ ಚಿತ್ರಗಳೆಂದರೆ ಅವರ ಹೆಣ್ಣುಮಕ್ಕಳು ಅನ್ನುವುದು ನಮಗೆ ಹಳೆಯ ಸಂಗತಿ.

ಅವರಿಗೆ ಮಕ್ಕಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುವವರು ನಡುನಡುವೆ ಕಣ್ಣೊರೆಸಿಕೊಳ್ಳಲು ಜಾಗ ಹುಡುಕುತ್ತ ಕೂರುತ್ತಾರೆ. ಅದರ ದುಃಖ ಕಾಕಾಗೆ ಇದ್ದಂತೆ ನನಗೆಂದೂ ಕಾಣಲಿಲ್ಲ. ಅವರ ಹೆಂಡತಿ ಕಾಕುಗೆ ಇತ್ತೋ ಏನೋ. ಆಕೆ ಹೇಳಿಕೊಳ್ಳುವ ಪೈಕಿ ಅಲ್ಲ.

ನಾನು ಅವರ ಬಾಜೂ ಮನೆಯವಳು. ಎರಡು ಮನೆಗೂ ನಡುವೆ ಒಂದೇ ಗೋಡೆ, ಹಿತ್ತಿಲಲ್ಲಿ ಒಂದೇ ಬಾವಿ. ಮದುವೆಯಾಗಿ ಆ ಓಣಿಗೆ ಬಂದಾಗ ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದೆ. ಹಾಗಾಗಿ ವಯಸ್ಸಿನಲ್ಲಿ ಅವರ ಮಗಳಷ್ಟಿದ್ದರೂ ಕಾಕಾ ನನ್ನನ್ನು "ಅಕ್ಕಾರ" ಎಂದೇ ಕರೆಯುತ್ತಿದ್ದರು. ಗಿಡ್ಡ ಆಳು. ಮಂಡಿಯವರೆಗೆ ಧೋತರ, ಹೆಗಲ ಮೇಲೆ ಬಣ್ಣ ಒರೆಸುವ ಚಿಂದಿ. ಕುಂಚವನ್ನು ಕಿವಿಯ ಮೇಲೆ ಸಿಕ್ಕಿಸುವ ಚಾಳಿಯಿಂದ ಬಲಗಿವಿ ಯಾವಾಗಲೂ ಯಾವುದಾದರೂ ಬಣ್ಣದಲ್ಲಿ ಇರುತ್ತಿತ್ತು. "ಇವತ್ತ ಕಾಕಾ ಏನ ಬರಿಯಾಕತ್ತಾರ" ಎಂದು ಯಾರಾದರೂ ಕೇಳಿದರೆ ನಾವು ಕಿವಿ ನೋಡಿ ಹೇಳುತ್ತಿದ್ದೆವು. ಹಸಿರಿದ್ದರೆ ಗಿಡ, ನೀಲಿಯಿದ್ದರೆ ಕೆರೆ.

ಮೊದಲ ಸಲ ಅವರನ್ನು ಕೆಲಸದಲ್ಲಿ ನೋಡಿದ್ದು ಊರ ಹೊರಗಿನ ಗುಡ್ಡದ ಹತ್ತಿರ. ರಸ್ತೆಯ ಬದಿಗೆ ಬೆನ್ನು ತಿರುಗಿಸಿ, ನಡು ಬಗ್ಗಿಸಿ, ತಮ್ಮ ಎರಡು ಕಾಲುಗಳ ನಡುವಿನಿಂದ ತಲೆ ತೂರಿಸಿ ಗುಡ್ಡ ನೋಡುತ್ತಿದ್ದರು. ಟಾಂಗಾದವನೊಬ್ಬ ಗಾಡಿ ನಿಲ್ಲಿಸಿ, "ಅಜ್ಜಾರ, ಹೊಟ್ಟಿ ನೋಯಾಕತ್ತೈತೇನ್ರಿ? ದವಾಖಾನಿಗೆ ಬಿಡ್ಲೇನು?" ಎಂದು ಕೇಳಿದ. ಕಾಕಾ ಹಾಗೆಯೇ ಬಗ್ಗಿಕೊಂಡು, "ಗುಡ್ಡ ನೋಡಾಕತ್ತೇನಿ ತಮ್ಮಾ. ನೆಟ್ಟಗ ನಿಂತು ನೋಡಿದರ ಇದು ಗುಡ್ಡ ಅಂತ ಗೊತ್ತಾಗಿಬಿಡತೈತಿ, ಮುಂದ ಏನೂ ಕಾಣಂಗಿಲ್ಲ" ಎಂದರು. ಟಾಂಗಾದವ ಕುದುರೆಗೆ ಏನೋ ಹೇಳಿ ಮುಂದೆ ಹೋದ. ನಾನು ಯಾರೂ ಇಲ್ಲದ್ದು ನೋಡಿ ಒಮ್ಮೆ ಬಗ್ಗಿ ನೋಡಿದೆ. ಖರೇ ಹೇಳುತ್ತೇನೆ, ಗುಡ್ಡ ಇರಲಿಲ್ಲ. ನೇರಳೆ ಬಣ್ಣದ ಒಂದು ರಾಶಿ ಆಕಾಶಕ್ಕೆ ಜೋತು ಬಿದ್ದಿತ್ತು. ಮನೆಗೆ ಬಂದು ಅತ್ತೆಯ ಮುಂದೆ ಇದನ್ನು ಹೇಳುವ ಮೂರ್ಖತನ ಮಾಡಲಿಲ್ಲ.

ಚಿತ್ರ ಅರ್ಧಕ್ಕೆ ಬಂದ ಮೇಲೆ ಅದನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸುತ್ತಿದ್ದರು, ತಪ್ಪು ಮಾಡಿದ ಹುಡುಗಿಯನ್ನು ನಾವು ಸಾಲೆಯಲ್ಲಿ ನಿಲ್ಲಿಸುವ ಹಾಗೆ. ಅದರ ಕಡೆ ತಿರುಗಿ ನೋಡದೆ ಕೆಲವು ದಿನ ತಿರುಗಾಡುವುದು, ಉಣ್ಣುವುದು, ನಶ್ಯ ಏರಿಸಿ ಸೀನುವುದು. ಆಮೇಲೆ ಯಾವುದೋ ಗಳಿಗೆಯಲ್ಲಿ, ಕೈಯಲ್ಲಿ ತಂಬಿಗೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದವರು ಸರಕ್ಕನೆ ತಿರುಗಿ ಅದನ್ನು ಹಿಡಿದು ಈಚೆ ತಿರುಗಿಸುತ್ತಿದ್ದರು. "ಎದುರಿಗೆ ನಿಂತು ನೋಡಿದರ ಅದು ಬೀಗರ ಮುಂದ ನಕ್ಕಂಗ ನಗತೈತಿ, ಅಕ್ಕಾರ. ಖರೇ ಮಾರಿ ಕಾಣಬೇಕಂದರ ಅದಕ್ಕ ಗೊತ್ತಾಗಲಾರದಂಗ ಹೋಗಿ ಹಿಡೀಬೇಕು." ಹಾಗೆ ಹಿಡಿದಾಗ ತಪ್ಪು ಕಂಡರೆ ತಂಬಿಗೆ ಅಲ್ಲೇ ಕೂರುತ್ತಿತ್ತು, ಕಾಕಾ ಕುಂಚ ಹಿಡಿಯುತ್ತಿದ್ದರು, ಬಚ್ಚಲಲ್ಲಿ ಕಾದ ನೀರು ಆರಿ ತಣ್ಣಗಾಗುತ್ತಿತ್ತು.

ಮುಂಬೈಯಿಂದ ಬರುವ ಎಣ್ಣೆ ತುಟ್ಟಿ ಎಂದು ಬಣ್ಣಕ್ಕೆ ಗಾಣದ ಅಗಸಿ ಎಣ್ಣೆಯನ್ನೇ ಕಾಯಿಸಿ ಬಳಸುತ್ತಿದ್ದರು. ಅದರಿಂದ ಬಣ್ಣ ಒಣಗಲು ಮನಸ್ಸಿಗೆ ಬಂದಷ್ಟು ದಿನ ಹಿಡಿಯುತ್ತಿತ್ತು. ಇನ್ನೊಂದು ಪರಿಣಾಮವೆಂದರೆ ಕಾಕು ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಕುಟ್ಟಲೆಂದು ತರಿಸಿಟ್ಟ ಅಗಸಿ ಡಬ್ಬಿಯಿಂದ ಮಾಯವಾಗಿ ಗಾಣ ಸೇರುತ್ತಿತ್ತು. "ನಮ್ಮನಿ ಅಗಸಿ ಹಿಂಡಿ ತಿನಬೇಕಂದರ ವಕೀಲರ ಮನಿ ಗ್ವಾಡಿ ನೆಕ್ಕಬೇಕು ನೋಡವ್ವ ತಂಗೀ" ಎಂದು ಆಕೆ ನನಗೆ ಹೇಳಿದ್ದುಂಟು. ಚಿತ್ರ ಬರೆಯುವ ಬಟ್ಟೆಯೂ ಆಕೆಯ ಕಡೆಯದೇ. ಆಕೆಯ ತವರು ಗರಗ. ಅಲ್ಲಿ ಆಕೆಯ ಅವ್ವ ರಾಟಿಯಲ್ಲಿ ನೂಲುತ್ತಿದ್ದರು, ಮನೆಯ ಮಗ್ಗದಲ್ಲಿ ತಮ್ಮ ನೇಯುತ್ತಿದ್ದ. ಆ ದಪ್ಪ ಖಾದಿಗೆ ಅಂಟು, ಬಿಳಿ ಪುಡಿ ಬಳಿದು ಒಣಗಿಸಿದರೆ ಚಿತ್ರಕ್ಕೆ ಮೈ ಸಿದ್ಧವಾಯಿತು.

ಇನ್ನು ಚಿತ್ರ ಕೊಡುವ ಪದ್ಧತಿ. ಬೇರೆಯವರ ಚಿತ್ರ ಕೊಳ್ಳುವುದಾದರೆ ಗಿರಾಕಿ ಬಂದು ಚಿತ್ರ ನೋಡುತ್ತಾನೆ. ಇಲ್ಲಿ ಕಾಕಾ ಹೋಗಿ ಗಿರಾಕಿಯನ್ನು ನೋಡುತ್ತಿದ್ದರು. ಹೆಣ್ಣು ಕೊಡುವವರು ಮನೆ ನೋಡಲು ಹೋದ ಹಾಗೆ ಟೊಪ್ಪಿಗೆ ಹಾಕಿಕೊಂಡು, ವೇಳೆ ನೋಡಿ ಹೋಗುವುದು. ಗೋಡೆ ಮುಟ್ಟಿ ತೇವ ಇದೆಯೇ ನೋಡುವುದು. ಅಡುಗೆಮನೆಯ ಹೊಗೆ ಎತ್ತ ಹೋಗುತ್ತದೆ, ಎದುರಿಗೆ ಯಾರು ಕೂರುತ್ತಾರೆ, ಕೂತವರು ಹುಕ್ಕಾ ಸೇದುತ್ತಾರೆಯೇ, ಎಲ್ಲ ವಿಚಾರಣೆ. ವಕೀಲರ ಪಡಸಾಲೆಯಲ್ಲಿ ಕೊಂಬಿನ ಜಿಂಕೆಯ ತಲೆ ಇತ್ತು. "ಸತ್ತ ಜಿಂಕಿ ದಿನಾ ಮಾರಿ ನೋಡಾಕತ್ತರ ನಮ್ಮ ಹುಡುಗಿ ಹೆದರತಾಳರಿ" ಎಂದು ಕಾಕಾ ಎದ್ದು ಬಂದುಬಿಟ್ಟರು. ಕೋರ್ಟಿನಲ್ಲಿ ಯಾರಿಗೂ ಬಗ್ಗದ ವಕೀಲರು ಜಿಂಕೆಯನ್ನು ಅಟ್ಟಕ್ಕೆ ಏರಿಸಿ, ಹೇಳಿ ಕಳಿಸಿ, ಚಿತ್ರ ಪಡೆದರು. ಗಡಿಯಾರದ ಸಾಹೇಬರದು ಇನ್ನೂ ತಮಾಷೆ. ಅವರ ಅಂಗಡಿಯ ಗೋಡೆ ತುಂಬ ಗಡಿಯಾರ. "ಇಷ್ಟು ಟಿಕಟಿಕದಾಗ ಆಕಿಗೆ ನಿದ್ದಿ ಹೆಂಗ ಹತ್ತಬೇಕ್ರಿ" ಎಂದು ಕಾಕಾ ಕೇಳಿದ್ದಕ್ಕೆ ಸಾಹೇಬರು ಆ ಗೋಡೆಯ ಗಡಿಯಾರಗಳನ್ನೆಲ್ಲ ನಿಲ್ಲಿಸಿಬಿಟ್ಟರು. ರಿಪೇರಿ ಅಂಗಡಿಯಲ್ಲಿ ಒಂದು ಗೋಡೆಯಷ್ಟು ನಿಂತ ಗಡಿಯಾರ ನೋಡಿ ಹೊಸ ಗಿರಾಕಿಗಳು ಬಾಗಿಲಿಂದಲೇ ತಿರುಗುತ್ತಿದ್ದರು. ಸಾಹೇಬರಿಗೆ ಅದರ ಚಿಂತೆ ಇರಲಿಲ್ಲ. "ಮಾತು ಕೊಟ್ಟೇನಲ್ಲರಿ" ಎನ್ನುತ್ತಿದ್ದರು.

ಎಲ್ಲ ಒಪ್ಪಿಗೆಯಾದ ಮೇಲೆ ಕೊನೆಯ ಕರಾರು ಒಂದು. "ಪಂಚಮಿಗೆ ತವರಿಗೆ ಕಳಸಬೇಕು." ಕೇಳಿದವರು ನಗುತ್ತಿದ್ದರು, ಚೇಷ್ಟೆ ಎಂದುಕೊಂಡು ಹೂಂ ಅನ್ನುತ್ತಿದ್ದರು. ಶ್ರಾವಣ ಬಂತೆಂದರೆ ಕಾಕಾ ಟಾಂಗಾ ಮಾಡಿಕೊಂಡು ಬಾಗಿಲಿಗೆ ಹಾಜರು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳನ್ನು ಕರೆಯಲು ಬಂದವರನ್ನು ಬರಿಗೈಲಿ ಕಳಿಸಿದ ಮನೆ ಉದ್ಧಾರವಾದದ್ದುಂಟೇ. ಗೋಡೆ ಬರಿದಾಗುತ್ತಿತ್ತು, ಚಿತ್ರ ಟಾಂಗಾ ಏರುತ್ತಿತ್ತು.

ಮನೆಗೆ ಬಂದ ಮಕ್ಕಳಿಗೆ ಕಾಕಾ ಮೊದಲು ಧೂಳು ಒರೆಸಿ, ಎಣ್ಣೆ ಕೈಯಾಡಿಸುತ್ತಿದ್ದರು. ಅದಕ್ಕೆ ಎರೆಯುವುದು ಎಂದೇ ಹೆಸರು. ಹೊಗೆ ಹಿಡಿದಿದ್ದರೆ ಆ ಮನೆಯವರನ್ನು ಬೈಯುವುದು. ಆಮೇಲೆ ಶುರುವಾಗುತ್ತಿತ್ತು ಅಸಲು ಕೆಲಸ. ಅವರಿಗೆ ಯಾವ ಚಿತ್ರವೂ ಮುಗಿದದ್ದೆಂದು ಅನ್ನಿಸಿದ್ದೇ ಇಲ್ಲ. ಕೊಟ್ಟು ಎಷ್ಟೋ ವರ್ಷವಾದ ಚಿತ್ರವನ್ನೂ ಕೂರಿಸಿಕೊಂಡು ತಿದ್ದುತ್ತಿದ್ದರು. ವಕೀಲರ ಚಿತ್ರದಲ್ಲಿ ಕೆರೆಯ ದಂಡೆಗೆ ಒಂದು ಎಮ್ಮೆ ಇತ್ತು. ಒಂದು ಪಂಚಮಿ ಕಳೆದು ಹಿಂದಿರುಗಿದಾಗ ಎಮ್ಮೆ ಇಲ್ಲ. ವಕೀಲರು ಬಾಯಿ ಮಾಡುತ್ತ ಬಂದರು.

"ಎಮ್ಮಿ ಎಲ್ಲಿ ಹೋತ್ರಿ?"

"ಮನಿಗೆ ಹೋತು."

"ಮನಿಗೆ ಹೋತು ಅಂದರ?"

"ನೀರಿನ ಮ್ಯಾಲಿನ ಬೆಳಕು ಸ್ವಲ್ಪ ಕೆಂಪು ಮಾಡಿದ್ನಿರಿ. ಸಂಜಿ ಆತು. ಸಂಜಿಮುಂದ ಎಮ್ಮಿ ಕೆರ್ಯಾಗ ಏನ ಮಾಡತೈತಿ?"

ವಕೀಲರಿಗೆ ಮೇಲಿನ ಕೋರ್ಟಿಗೆ ಹೋಗಲು ಹಾದಿ ಉಳಿಯಲಿಲ್ಲ.

ಇಷ್ಟೆಲ್ಲ ಕೇಳಿ ನಗುವುದು ಸುಲಭ. ಓಣಿಯಲ್ಲಿ ನಗದವರು ಒಬ್ಬರೇ, ಕಾಕು. ಯಾಕೆಂದರೆ ತವರಿಗೆ ಬಂದ ಮಗಳನ್ನು ಬುತ್ತಿ ಕಟ್ಟದೆ ಗಂಡನ ಮನೆಗೆ ಕಳಿಸುವುದಿಲ್ಲ. ಒಂದೊಂದು ಚಿತ್ರದ ಜೊತೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಎಲ್ಲ ಹೋಗಬೇಕು. ಅದನ್ನು ಕಟ್ಟುವವರು ಯಾರು? ಚಿತ್ರ ಬಿಡಲು ಬಂದವರಿಗೆ ಚಹಾ ಮಾಡುವವರು ಯಾರು? ಪಂಚಮಿಗೆ ಊರ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗಿ ಜೋಕಾಲಿ ಆಡುವಾಗ ಕಾಕು ಅಂಗೈ ಸುಡುವ ಬೆಲ್ಲದ ಪಾಕದಲ್ಲಿ ಉಂಡಿ ಕಟ್ಟುತ್ತ ಕೂರುತ್ತಿದ್ದರು. ಈ ಪದ್ಧತಿ ಶುರುವಾದಾಗಿನಿಂದ ಆಕೆ ಒಮ್ಮೆಯೂ ಪಂಚಮಿಗೆ ಗರಗಕ್ಕೆ ಹೋಗಿರಲಿಲ್ಲ. ಪ್ರತಿ ವರ್ಷ ಆಕೆಯ ತಮ್ಮ ಚಕ್ಕಡಿ ಹೂಡಿಕೊಂಡು ಕರೆಯಲು ಬರುತ್ತಿದ್ದ. ಪ್ರತಿ ವರ್ಷ ಕಾಕಾ, "ಹಬ್ಬ ಮುಗದ ಮ್ಯಾಲೆ ನಾನ ಕರಕೊಂಡು ಬರತೇನಿ" ಎನ್ನುತ್ತಿದ್ದರು. ಒಂದು ವರ್ಷವಂತೂ, ಅಕ್ಕನನ್ನು ಒಯ್ಯಲು ಬಂದ ಪಾಪದ ಹುಡುಗನ ಚಕ್ಕಡಿಯಲ್ಲಿ ಚಿತ್ರ ಹೇರಿ ಊರೆಲ್ಲ ಮುಟ್ಟಿಸಿ ಬರಲು ಹಚ್ಚಿದ್ದರು. ಗರಗ ದೂರದ ಊರಲ್ಲ. ಆದರೆ ಹತ್ತಿರದ ಊರಿಗೆ ಯಾವಾಗ ಬೇಕಾದರೂ ಹೋಗಬಹುದು ಎಂಬ ಮಾತು ಹುಟ್ಟಿದ್ದು ಗಂಡಸರ ಬಾಯಲ್ಲಿ. ಆ ಯಾವಾಗಲೋ ಎಂಬುದು ಹೆಂಗಸರ ಪಾಲಿಗೆ ಬರುವುದೇ ಇಲ್ಲ. ಕಾಕಾ ಕೆಟ್ಟವರಾಗಿರಲಿಲ್ಲ. ಅವರ ಕಣ್ಣು ಚೌಕಟ್ಟಿನ ಒಳಗಷ್ಟೇ ಚುರುಕಾಗಿತ್ತು. ಈ ವಿಷಯದಲ್ಲಿ ನನಗೆ ಅವರ ಮೇಲೆ ಸಿಟ್ಟಿತ್ತು, ಈಗಲೂ ಸ್ವಲ್ಪ ಇದೆ.

ನಾನು ಹೇಳಬೇಕೆಂದಿರುವುದು ಎರಡನೆಯ ಮಹಾಯುದ್ಧ ಶುರುವಾದ ಮೇಲಿನ ಒಂದು ಪಂಚಮಿಯ ಮಾತು.

ಆ ವರ್ಷ ಕಾಕುವಿನ ತಮ್ಮ ಹಬ್ಬಕ್ಕೆ ಮುಂಚೆಯೇ ಒಮ್ಮೆ ಬಂದ. ಕಟ್ಟೆಯ ಮೇಲೆ ಕೂತು, ಚಹಾ ಮುಟ್ಟದೆ ಹೇಳಿದ. "ಈ ವರ್ಷ ಅಕ್ಕನ್ನ ಕಳಸ್ರಿ ಮಾಮಾ. ಅವ್ವನ ಕಣ್ಣಾಗ ಪೊರಿ ಬೆಳದೈತಿ. ಬಾಗಲದಾಗ ನಿಂತವರು ಯಾರಂತ ಗೊತ್ತಾಗಂಗಿಲ್ಲ. ಬೆಳಕಿಗೆ ಹಿಡದು ಹತ್ತರ ನೋಡಿದರ ಅಷ್ಟ ಮಾರಿ ಕಾಣತೈತಿ. ಮುಂದಿನ ಪಂಚಮಿತನಕ ಅದೂ ಉಳಿಯೂದಿಲ್ಲ ಅಂತ ಡಾಕ್ಟರ ಅಂದಾರ. ಮಗಳ ಮಾರಿ ಒಮ್ಮೆ ನೋಡಬೇಕು ಅಂತಾಳ."

ಕಾಕಾ ಕಿವಿಯ ಕುಂಚ ತೆಗೆದು ಮತ್ತೆ ಸಿಕ್ಕಿಸಿದರು. ಅವರ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ದುರ್ಗದಬೈಲಿನ ಸಾವಕಾರರ ಹತ್ತಿರ ಅರಳೆ ಕೊಳ್ಳುವ ಮುಂಬೈಯ ಶ್ರೀಮಂತರೊಬ್ಬರು ಬರುವವರಿದ್ದರು. ಮನೆ ತುಂಬ ಚಿತ್ರ ಕೂಡಿಸಿದ ದೊಡ್ಡ ಶೋಕಿಯವರು. ಕಾಕಾನ ಚಿತ್ರಗಳೆಲ್ಲ ಒಂದೇ ಕಡೆ ಸಿಗುವುದು ಪಂಚಮಿಗೆ ಮಾತ್ರ, ಆದ್ದರಿಂದ ಅವರು ಪಂಚಮಿಗೇ ಬರುವುದೆಂದು ಗೊತ್ತಾಗಿತ್ತು. ಅವರಿಗೆ ಒಂದು ಮನಸ್ಸಿಗೆ ಬಂದರೆ ಕಾಕಾನ ಹೆಸರು ಮುಂಬೈ ಮುಟ್ಟುತ್ತಿತ್ತು.

"ಈ ವರ್ಷ ಆಗೂದಿಲ್ಲಪಾ, ಮುಂಬೈಯವರು ಬರಾಕತ್ತಾರ. ಹಬ್ಬ ಮುಗದ ಮ್ಯಾಲೆ ನಾನ..." ಎಂದು ಕಾಕಾ ಶುರುಮಾಡಿದರು. ಕಾಕು ಎದ್ದು ಒಳಗೆ ಹೋದರು. ಪಾತ್ರೆಯ ಸದ್ದೂ ಆಗಲಿಲ್ಲ. ಆಕೆ ಪಾತ್ರೆ ಬಡಿದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಮುಂಬೈಯವರಿಗೆಂದು ಕಾಕಾ ಇಟ್ಟುಕೊಂಡದ್ದು ಒಂದೇ ಚಿತ್ರ, ಇನ್ನೂ ಯಾರಿಗೂ ಕೊಡದೇ ಇದ್ದದ್ದು. ಬಾಗಿಲಲ್ಲಿ ಒಬ್ಬ ಹೆಂಗಸು, ಕಂಕುಳಲ್ಲಿ ಗಂಟು, ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ. ಎಲ್ಲ ಆಗಿತ್ತು, ಮುಖ ಮಾತ್ರ ಆಗಿರಲಿಲ್ಲ. ವರ್ಷಗಟ್ಟಲೆ ಬರೆಯುವುದು, ಕೆರೆಯುವುದು. ಮುಖಕ್ಕೆಂದು ಓಣಿಯ ಹೆಂಗಸರನ್ನೆಲ್ಲ ನೋಡಿದ್ದಾಗಿತ್ತು. ಒಂದು ವಾರ ನನ್ನ ಹುಬ್ಬು, ಇನ್ನೊಂದು ವಾರ ಎದುರು ಮನೆಯವಳ ಮೂಗು. ಆಕೆ, "ನನ್ನ ಮೂಗ ತಗದು ನಿನ್ನ ಹುಬ್ಬ ಯಾಕ ಇಟ್ಟುಕೊಂಡ್ರು" ಎಂದು ನನ್ನ ಜೊತೆ ಮಾತು ಬಿಟ್ಟಿದ್ದಳು. ಹಬ್ಬಕ್ಕೆ ಮುಂಚಿನ ದಿನ ಕಾಕಾ ಸರಕ್ಕನೆ ಚಿತ್ರ ತಿರುಗಿಸಿ ನೋಡಿ, ಕುಂಚವನ್ನು ಕಿವಿಗೆ ಸಿಕ್ಕಿಸಿದರು. ಮುಖ ಬಂದಿತ್ತು. ಯಾರದ್ದೂ ಅಲ್ಲದ, ಎಲ್ಲರಿಗೂ ಗುರುತಿನ ಮುಖ. ಹಸಿ ಬಣ್ಣಕ್ಕೆ ಧೂಳು ಕೂರದಂತೆ ಮೇಲೆ ಚಿಂದಿ ಇಳಿಬಿಟ್ಟು, ಮರುದಿನ ಬೆಳಿಗ್ಗೆ ಅತಿಥಿಗಳನ್ನು ಕರೆತರಲು ರೈಲಿನಲ್ಲಿ ಹುಬ್ಬಳ್ಳಿಗೆ ಹೋದರು.

ಕಾಕಾ ಓಣಿ ದಾಟಿದ್ದೇ ತಡ, ತಮ್ಮನ ಚಕ್ಕಡಿ ಬಾಗಿಲಿಗೆ ಬಂತು. ಕಾಕು ಹೊಸ ಇಳಕಲ್ ಸೀರೆ ಉಟ್ಟು ಹೊರಗೆ ಬಂದು ನನ್ನನ್ನು ಕೂಗಿದರು.

"ತಂಗೀ, ಸಾಲಿ ಸೂಟಿ ಐತೆಲ್ಲ. ಲಗೂ ಬಾ. ಇವನ್ನ ಹಿಡಕೊಂಡು ಕೂಡಾಕ ಒಬ್ಬರು ಬೇಕು."

"ಯಾವನ್ನರಿ ಕಾಕು?"

"ಮಕ್ಕಳನ್ನ."

ನೋಡಿದರೆ ಪಡಸಾಲೆಯಲ್ಲಿದ್ದ ಚಿತ್ರಗಳೆಲ್ಲ ಚಕ್ಕಡಿಯಲ್ಲಿ, ಹುಲ್ಲು ಹಾಸಿ, ಮಳೆಗೆ ತಾಡಪತ್ರಿ ಹೊದಿಸಿ ಕೂತಿದ್ದವು.  ಮುಂಬೈಯವರು ಬಂದರೆ ಏನು ಗತಿ ಎಂದೆ.

"ಮಕ್ಕಳನ್ನ ಬಿಟ್ಟು ಅವ್ವ ಒಬ್ಬಾಕಿನ ತವರಿಗೆ ಹೋದರ ಮಂದಿ ಏನಂತಾರ?" ಎಂದರು ಕಾಕು, ಸೆರಗು ಸಿಕ್ಕಿಸುತ್ತ. "ಅಷ್ಟಕ್ಕೂ ಇವುಗಳ ಮೈ ಯಾವ ಊರಿಂದು? ನಮ್ಮವ್ವ ನೂತ ನೂಲು, ನನ್ನ ತಮ್ಮ ನೇದ ಅರಿವಿ. ಬಣ್ಣ ಅಷ್ಟ ಅವರದು. ತವರು ಅಂದರ ಇವುಕ್ಕೂ ಗರಗ. ಚಕ್ಕಡಿ ಹತ್ತು."

ನನ್ನ ಅತ್ತೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದರು. ಕಾಕಾ ಬಂದರೆ ಏನು ಹೇಳಲಿ ಎಂದು ಕೇಳಿದರು. "ಅವ್ವ ಮಕ್ಕಳು ಕೂಡಿ ತವರಿಗೆ ಹೋಗ್ಯಾರ ಅಂತ ಹೇಳ್ರಿ" ಎಂದು ಕಾಕು ಚಕ್ಕಡಿ ಏರಿದರು. ಹಸಿ ಮುಖದ ಆ ಬಾಗಿಲಾಕೆಯನ್ನು ಯಾವುದಕ್ಕೂ ತಾಗದಂತೆ ಹಿಡಿದು ಕೂರುವ ಕೆಲಸ ನನ್ನ ಪಾಲಿಗೆ ಬಂತು. ದಾರಿಯುದ್ದಕ್ಕೂ ಕೈ ಜೋಮು ಹಿಡಿದರೂ ನನಗೆ ನಗು ತಡೆಯಲಾಗಲಿಲ್ಲ. ಕಾಕು ಮಾತ್ರ ಎತ್ತುಗಳ ಕೋಡಿನ ನಡುವಿನಿಂದ ಮುಂದೆ ನೋಡುತ್ತ ಕೂತಿದ್ದರು.

ಗರಗದ ಮನೆಯ ಅಂಗಳದಲ್ಲಿ ಮುದುಕಿ ರಾಟಿಯ ಮುಂದೆ ಕೂತಿದ್ದರು. ಮಗಳ ಧ್ವನಿ ಕೇಳಿದ್ದೇ ಎದ್ದು, ಕೈ ಹಿಡಿದು, ಮೋಡದ ಬೆಳಕು ಬೀಳುವಲ್ಲಿಗೆ ಎಳೆದು ತಂದು ಮಣೆಯ ಮೇಲೆ ಕೂರಿಸಿದರು. ಎರಡೂ ಕೈಯಲ್ಲಿ ಮುಖ ಹಿಡಿದು ತಮ್ಮ ಮೂಗಿನ ಹತ್ತಿರಕ್ಕೆ ತಂದುಕೊಂಡು ನೋಡಿದರು. ಬಲಕ್ಕೆ ತಿರುಗಿಸಿದರು, ಎಡಕ್ಕೆ ತಿರುಗಿಸಿದರು. 

"ಹಲ್ಲು ಯಾವಾಗ ಬಿತ್ತ?"

"ಹೋದ ವರ್ಷ, ಅವ್ವ."

"ನನಗ ಹೇಳಲೇ ಇಲ್ಲ."

"ಹಲ್ಲು ಬಿದ್ದದ್ದನ್ನ ಏನ ಹೇಳಿ ಕಳಸೂದವ್ವ?"

"ಹೇಳಬೇಕು" ಎಂದರು ಮುದುಕಿ. ಮತ್ತೆ ನೋಡಿದರು. ಹಣೆಯ ಹತ್ತಿರ ನರೆತ ಕೂದಲನ್ನು ಒಂದೊಂದಾಗಿ ಬೆರಳಿಂದ ಸರಿಸಿ ನೋಡಿದರು. ಕಲಿಯುವ ಮಗು ಅಕ್ಷರ ನೋಡುವಂತೆ ಅವರು ಆ ಮುಖ ನೋಡಿದರು. ಕಾಕು ಅಳಲಿಲ್ಲ. ಮುಖ ಅಲುಗಿದರೆ ಅವ್ವನಿಗೆ ಸರಿಯಾಗಿ ಕಾಣುವುದಿಲ್ಲವೆಂದು ಉಸಿರು ಹಿಡಿದು ಕೂತಿದ್ದರು. ಅತ್ತದ್ದು ನಾನು, ರಾಟಿಯ ಹಿಂದೆ ನಿಂತು.

ಆಮೇಲೆ ಮುದುಕಿಗೆ ಮೊಮ್ಮಕ್ಕಳು ಬಂದಿದ್ದಾರೆಂದು ಮಗ ಹೇಳಿದ. ಚಿತ್ರಗಳನ್ನು ಕಟ್ಟೆಯುದ್ದಕ್ಕೂ ನಿಲ್ಲಿಸಿದ್ದೆವು. ಅವರು ಒಂದೊಂದರ ಬೆನ್ನಿಗೂ ಕೈ ಹಾಕಿ ಬಟ್ಟೆ ಸವರಿದರು. "ಇದು ನನ್ನ ನೂಲು. ಇದೂ ನನ್ನದ. ಇದು ಜಡ್ಡಾದಾಗ ನೂತದ್ದು, ಗಂಟು ಭಾಳ ಅದಾವ." ಹಿಂದಿನಿಂದ ಗುರುತು ಸಿಕ್ಕ ಮೇಲೆ ಮುಂದಿನಿಂದ ಮರ್ಯಾದೆ ಮಾಡಬೇಕಲ್ಲ. ಹೆಣ್ಣುಮಕ್ಕಳು ತವರಿಗೆ ಬಂದಿದ್ದಾರೆ. ಕುಂಕುಮದ ಭರಣಿ ತರಿಸಿ, ಕೈಯಳತೆಯಲ್ಲಿ ಹಣೆ ಎಲ್ಲಿರಬಹುದೆಂದು ಅಂದಾಜು ಮಾಡಿ, ಸಾಲಾಗಿ ಹಚ್ಚುತ್ತ ಹೊರಟರು. ಸಾವಕಾರರ ಅರಳೆ ಹೊಲಕ್ಕೆ ಕುಂಕುಮ ಆಯಿತು. ವಕೀಲರ ಕೆರೆಗೆ ನಟ್ಟನಡುವೆ ಆಯಿತು. ಅವೆಲ್ಲ ಒಣಗಿದ ಚಿತ್ರ, ಊದಿದರೆ ಹಾರುತ್ತಿತ್ತು. ನಾನು ನೀರು ಕುಡಿದು ಹೊರಗೆ ಬರುವಷ್ಟರಲ್ಲಿ ಅವರು ಬಾಗಿಲಾಕೆಯ ಮುಂದೆ ನಿಂತಿದ್ದರು. ಚಿಂದಿ ಸರಿದಿತ್ತು. ಉಂಗುರ ಬೆರಳು ಹಸಿ ಹಣೆಯನ್ನು ಒತ್ತಿ, ಸ್ವಲ್ಪ ಮೇಲಕ್ಕೆ ಜಾರಿ, ಈಚೆ ಬಂತು.

ಆ ಕ್ಷಣದಲ್ಲೇ ಊರ ಹುಡುಗರ ಗದ್ದಲ ಕೇಳಿತು. ಸಾವಕಾರರ ಮೋಟಾರು ಎರೆಮಣ್ಣಿನಲ್ಲಿ ಹೂತು, ತಮ್ಮನ ಎತ್ತುಗಳೇ ಹೋಗಿ ಎಳೆದು ತರಬೇಕಾಯಿತು. ಕೆಸರಾದ ಬೂಟಿನ ಮುಂಬೈಯವರು, ಅವರ ಹಿಂದೆ ಸಾವಕಾರರು, ಎಲ್ಲರಿಗಿಂತ ಮುಂದೆ ಧೋತರ ಎತ್ತಿ ಹಿಡಿದ ಕಾಕಾ.  ಕಾಕಾ ಬಿರಬಿರನೆ ಬಂದು ಕಟ್ಟೆಯುದ್ದಕ್ಕೂ ನೋಡಿದರು. ಕುಂಕುಮ ಹಚ್ಚಿಕೊಂಡ ಕೆರೆ ನೋಡಿದರು. ಬಾಗಿಲಾಕೆಯ ಮುಂದೆ ನಿಂತುಬಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ.

ಮುಂಬೈಯವರೂ ಅದರ ಮುಂದೆಯೇ ನಿಂತರು. ಬಹಳ ಹೊತ್ತು ನೋಡಿ ಸಾವಕಾರರಿಗೆ ಮರಾಠಿಯಲ್ಲಿ ಏನೋ ಹೇಳಿದರು. ಸಾವಕಾರರು ಕಾಕಾನ ಕಡೆ ತಿರುಗಿದರು. "ಇದನ್ನ ಒಯ್ಯತಾರಂತ. ಇಂಥಾದ್ದು ಎಲ್ಲೂ ನೋಡಿಲ್ಲ ಅಂತಾರ. ಹಣಿ ಮ್ಯಾಲಿನ ಆ ಕೆಂಪು ಡಾಗ ಅಷ್ಟ ಒರಸಿ ಕೊಡ್ರಿ ಅಂದರು."

ಕಾಕಾ ಹೆಗಲ ಮೇಲಿನ ಚಿಂದಿ ತೆಗೆದುಕೊಂಡರು. ಊರವರ ಗೋಡೆಗಳ ಮೇಲಿನ ಚಿತ್ರಗಳನ್ನೆಲ್ಲ ತಿದ್ದಿದ ಕೈ ಅದು. ಅದು ಹಣೆಯ ಹತ್ತಿರ ಹೋಗಿ ನಿಂತಿತು. ಅಂಗಳದ ಆಚೆ ಬದಿಗೆ ಮುದುಕಿ ಮಗಳನ್ನು ಮತ್ತೆ ಬೆಳಕಿಗೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಗಳಿಗೆಗೊಮ್ಮೆ ಗದ್ದ ಹಿಡಿದೆತ್ತಿ ಮುಖ ನೋಡುತ್ತಿದ್ದರು. ಕಾಕಾ ಅತ್ತ ನೋಡಿದರು. ಚಿತ್ರ ನೋಡಿದರು. ಮತ್ತೆ ಅತ್ತ ನೋಡಿದರು.

"ಒರಸಾಕ ಬರೂದಿಲ್ಲರಿ" ಎಂದರು.

"ಯಾಕ? ಹಸಿ ಐತೆಲ್ಲ."

"ಅದನ್ನ ನಾ ಹಚ್ಚಿಲ್ಲ. ನಾ ಹೆಂಗ ಒರಸಲಿ? ಅಲ್ಲೀತನಕ ಆಕಿ ಹೊಂಟು ನಿಂತಾಕಿ ಇದ್ದಳು. ಈಗ ಬಂದು ಮುಟ್ಟಿದಳು. ಬೇಕಾದರ ಹಚ್ಚಿದವರನ್ನ ಕೇಳ್ರಿ."

ಸಾವಕಾರರು ಅಲ್ಲಿಂದಲೇ ಮುದುಕಿಯನ್ನು ಕೇಳಿದರು. ಮುದುಕಿ ಎಣ್ಣೆಯ ಕೈ ನಿಲ್ಲಿಸಿ, ಧ್ವನಿ ಬಂದ ಕಡೆಗೆ ಮುಖ ಎತ್ತಿದರು. "ಹೆಣ್ಣಮಗಳ ಹಣಿ ಒರಸ್ತಾರೇನಪಾ?"

ಇದನ್ನು ಮರಾಠಿಗೆ ತಿರುಗಿಸುವ ಕೆಲಸ ಬೀಳಲಿಲ್ಲ. ಮುಂಬೈಯವರಿಗೂ ಮನೆಯಲ್ಲಿ ತಾಯಿ ಇದ್ದಿರಬೇಕು. ಎರಡೂ ಕೈ ಮುಗಿದು ಹಿಂದೆ ಸರಿದರು. ಉಳಿದ ಚಿತ್ರಗಳೆಲ್ಲ ಆಗಲೇ ಕೊಟ್ಟ ಹೆಣ್ಣುಗಳು, ಕೇಳುವಂತಿರಲಿಲ್ಲ. ಕೊನೆಗೆ ಕಾಕು ಅವರಿಗೂ ಒಂದು ಬುತ್ತಿ ಕಟ್ಟಿಕೊಟ್ಟರು. ಕಾಕಾನ ಹೆಸರು ಮುಂಬೈ ಮುಟ್ಟಲಿಲ್ಲ. ಶೇಂಗಾ ಉಂಡಿ ಮುಟ್ಟಿದವು.

ಬಾಗಿಲಾಕೆ ಗರಗದ ಪಡಸಾಲೆಯಲ್ಲೇ ಉಳಿದಳು. ಮನೆ ನೋಡುವುದು, ಗೋಡೆ ಮುಟ್ಟುವುದು, ಯಾವ ಶಾಸ್ತ್ರವೂ ಇಲ್ಲದೆ ಕಾಕಾ ಕೊಟ್ಟದ್ದು ಅದೊಂದೇ. ಅವರು ತಿದ್ದದೇ ಬಿಟ್ಟದ್ದೂ ಅದೊಂದೇ.

 ತಿರುಗಿ ಬರುವಾಗ ಕಾಕಾ ಏನು ಯೋಚಿಸಿದರೋ ನನಗೆ ಗೊತ್ತಿಲ್ಲ. ಮುಂದಿನ ಶ್ರಾವಣದಲ್ಲಿ ತಮ್ಮನ ಚಕ್ಕಡಿ ಬರುವ ಮೊದಲೇ ಕಾಕಾ ತಾವೇ ಹೋಗಿ ಟಾಂಗಾ ತಂದು ಬಾಗಿಲಿಗೆ ನಿಲ್ಲಿಸಿ, "ಹೊತ್ತಾತು, ಹೊಂಡು" ಎಂದು ಕಾಕುಗೆ ಹೇಳಿದರು. ಆಮೇಲೆ ನನ್ನನ್ನು ಕರೆದು ಉಂಡಿ ಕಟ್ಟಲು ಕೂತರು. ಪಾಕ ಏರಿ ಉಂಡಿಗಳು ಕಲ್ಲಾದವು. ಅವರ ಕೈಯ ನೀಲಿ ಬಣ್ಣ ತಂಬಿಟ್ಟಿಗೂ ಹತ್ತಿತು. ಚಿತ್ರಗಳ ಜೊತೆ ಅವೇ ಮನೆಮನೆಗೆ ಹೋದವು. ಗಡಿಯಾರದ ಸಾಹೇಬರು ಹಲ್ಲಿಗೆ ಪೆಟ್ಟು ಮಾಡಿಕೊಂಡೂ, "ಛಲೋ ಆಗ್ಯಾವರಿ" ಎಂದು ಹೇಳಿ ಕಳಿಸಿದರು.

ಹಬ್ಬ ಮುಗಿಸಿ ಕಾಕು ತಿರುಗಿ ಬಂದ ದಿನ ನಾವಿಬ್ಬರೂ ಬಾವಿಯ ಹತ್ತಿರ ಸಿಕ್ಕೆವು. ಅವ್ವ ಹೇಗಿದ್ದಾರೆ ಎಂದು ಕೇಳಿದೆ. ಕಾಕು ಕೊಡ ತುಂಬಿ, ದಂಡೆಯ ಮೇಲಿಟ್ಟು, ಹಗ್ಗ ಸುತ್ತುತ್ತ ಹೇಳಿದರು.

"ಕಣ್ಣ ಪೂರ್ತಿ ಹೋಗ್ಯಾವ, ತಂಗೀ. ಹೋದಾಕಿನ ನನ್ನ ಮಾರಿ ಬೆಳಕಿಗೆ ಹಿಡದ್ನಿ, ನೋಡವ್ವ ಅಂತ. ಬ್ಯಾಡ ಬಿಡು ಅಂದಳು. ಹೋದ ವರ್ಷ ನೋಡಿಟ್ಟೇನಲ್ಲ, ಅದ ಐತಿ ನನ್ನ ಹತ್ರ ಅಂದಳು."